ಕೆರಿ ಹೂಳಿನ್ಯಾಗ ಬರಗಾಲ ಓದಬಹುದೇನ್ರಿ?

ಬ್ಯಾಸಗಿ ಬಂತಂದ್ರ ನಮ್ಮ ಕಡಿ ಕೆರಿ ಹೂಳು ತೆಗಿಯೋ ಹಂಗಾಮ ನೋಡ್ರಿ, ಹಂಗಾಗಿ ಈ ಸಲ ಬಂದ ಪತ್ರ, ವಾಟ್ಸಾಪ್ ಮೆಸೇಜ್‌ನ್ಯಾಗ ಅರ್ಧಕ್ಕಿಂತ ಜಾಸ್ತಿ ಬರೇ ಮಣ್ಣಿನ ಸುದ್ದಿನೇ ಅದ. ಒಬ್ಬರಂತೂ ಸೀದಾ ಮಣ್ಣೇ ಪೋಸ್ಟ್ ಮಾಡ್ಯಾರ, ಅದರ ಕಥಿ ಕೊನಿಗೆ ಹೇಳ್ತೀನಿ.

ಪ್ರಶ್ನೆ: ನಮ್ಮೂರ ಕೆರಿಗೆ ಜೆಸಿಬಿ ಹಚ್ಚಿ ಆಳೆತ್ತರ ತೆಗ್ದಾರ್ರಿ. ಕಡದ ಗ್ವಾಡಿ ಮ್ಯಾಲೆ ಗೆರಿ ಗೆರಿ ಕಾಣ್ತಾವ, ಒಂದು ಕರಿ, ಒಂದು ಕಂದು, ನಡುವ ಬೆಳ್ಳಗ ಕಪ್ಪಿಚಿಪ್ಪಿನ ಸಣ್ಣ ಪಟ್ಟಿ. ನಮ್ಮ ಮುತ್ಯಾ ಅದು ಬರ ಬಿದ್ದ ವರ್ಷದ ಗೆರಿ ಅಂತಾನ. ಖರೇನ್ರಿ?
(ಒಬ್ಬ ರೈತರು, ಸುರಪುರ ತಾಲೂಕು)

ಉತ್ತರ: ಮುತ್ಯಾನ ಮಾತು ಅರ್ಧ ಖರೆ ಅದ ರೀ, ಉಳದ ಅರ್ಧ ಭಾಳ ತಕರಾರಿಂದು.

ಮೊದ್ಲು ಮನ್ಯಾಗ ಒಂದು ಕೆಲಸ ಮಾಡ್ರಿ. ಗಾಜಿನ ಬಾಟ್ಲಿಯಾಗ ಒಂದು ಹಿಡಿ ಕೆರಿ ಮಣ್ಣು ಹಾಕಿ, ನೀರು ತುಂಬಿ, ಜೋರ ಅಲ್ಲಾಡಿಸಿ ಕಿಟಕಿ ಮ್ಯಾಲೆ ಇಡ್ರಿ. ಉಸುಕು ನೀವು ಹತ್ತು ಎಣಸೂದ್ರಾಗ ತಳಕ್ಕ ಕೂತಿರ್ತದ, ಅದರ ಮ್ಯಾಲೆ ಗೋಡು, ಇನ್ನ ಎರಿ ಮಣ್ಣಿನ ನುಣುಪು ಅದ ನೋಡ್ರಿ, ಮರುದಿನ ಮುಂಜಾನೆ ಚಾ ಕುಡಿಯೋ ಹೊತ್ತಿಗೂ ನೀರು ರಾಡಿ ರಾಡಿನೇ ಇರ್ತದ. ಕೆರಿಯಾಗ ನಡಿಯೋದೂ ಇದೇ. ದೊಡ್ಡ ಮಳಿಗೆ ಹಳ್ಳ ಉಸುಕು, ಗರಸು ದಬ್ಬಿಕೊಂಡು ಬರ್ತದ, ಮಳಿ ನಿಂತ ಮ್ಯಾಲೆ ತಿಂಗಳಗಟ್ಲೆ ನುಣುಪು ಮಣ್ಣು ನಿಧಾನಕ್ಕ ಇಳಿತದ, ಅದರ ಕೂಡ ಪಾಚಿ, ಎಲಿ, ಸತ್ತ ಹುಳ ಎಲ್ಲ ಸೇರಿ ಕರಿ ಆಗ್ತದ. ನೀರು ಬತ್ತಿ ಕೆರಿ ತಳ ಕಂಡ್ರ ಶಂಖದ ಹುಳ, ಕಪ್ಪಿ ಒಮ್ಮೆಲೆ ಸಾಯ್ತಾವ, ಅವುಗಳ ಚಿಪ್ಪು ಒಂದೇ ಮಟ್ಟಕ್ಕ ಹಾಸಿದಂಗ ಉಳಿತಾವ. ನೀವು ನೋಡಿದ ಬೆಳ್ಳನ ಪಟ್ಟಿ ಹಂಗೇ ಆಗಿರಬಹುದು, ಮುತ್ಯಾ ಹೇಳಿದ್ದು ಅಲ್ಲಿ ತನಕ ಸೀದಾ ಅದ.

ಆದ್ರ ಅದನ್ನ ಗಟ್ಟಿ ಮಾಡ್ಲಾಕ ಇನ್ನೊಂದೆರಡು ಗುರುತು ಹುಡುಕಬೇಕು. ಚಿಪ್ಪಿನ ಪಟ್ಟಿ ಕೆಳಗ ಮಣ್ಣು ಬಿರಕು ಬಿಟ್ಟು, ಆ ಬಿರಕಿನ್ಯಾಗ ಮ್ಯಾಲಿನ ಬಣ್ಣದ ಮಣ್ಣು ಬೆಣಿ ಬಡದಂಗ ಇಳದದೇನು? ಬೇರು ಹೋದ ದಾರಿಗುಂಟ ತುಕ್ಕಿನ ಬಣ್ಣ ಅದ ಏನು? ಇದ್ರ ಕೆರಿ ತಳ ಗಾಳಿಗೆ ಬಿದ್ದಿತ್ತು ಅಂತ ಅರ್ಥ. ಬರೇ ಕಂದು ಉಸುಕಿನ ಗೆರಿ ಇದ್ರ ಹುಷಾರ್ರಿ, ಅದು ಮಹಾಪೂರದ್ದೂ ಆಗಬಹುದು, ಮ್ಯಾಲಿನ ಊರಿನ ಒಡ್ಡು ಒಡದದ್ದೂ ಆಗಬಹುದು, ಗುಡ್ಡದ ಗಿಡ ಕಡದು ಹೊಸದಾಗಿ ಹೊಲ ಮಾಡಿದ್ದಕ್ಕೂ ಆಗಬಹುದು. ಮಣ್ಣಿಗೆ ಮಳಿ ಯಾವುದು ಮನಷಾರು ಯಾರು ಅಂತ ಗೊತ್ತಿರಂಗಿಲ್ಲ, ಹಳ್ಳ ಏನು ತಂದು ಹಾಕ್ತದೋ ಅದನ್ನ ಇಟ್ಟುಕೊಳ್ತದ ಅಷ್ಟೇ.

ಇನ್ನ ನಮ್ಮ ಕಡಿದೇ ಒಂದು ಪೀಡಾ ಅದ. ಎರಿ ಮಣ್ಣು ಹಸಿ ಆದ್ರ ಉಬ್ತದ, ಒಣಗಿದ್ರ ಕೈ ಹೋಗುವಷ್ಟು ಬಿರಕು ಬಿಡ್ತದ, ಇದು ಹೊಲದ ಪ್ರತಿ ರೈತಗ ಗೊತ್ತು. ಕೆರಿ ಒಣಗಿದ ವರ್ಷ ಆ ಬಿರಕಿನ್ಯಾಗ ಈ ವರ್ಷದ ಮಣ್ಣು ಐವತ್ತು ವರ್ಷ ಹಿಂದಿನ ಮಣ್ಣಿನ ತನಕ ಇಳದು ಕೂಡ್ತದ. ಮ್ಯಾಲೆ ಎಮ್ಮಿ ಇಳಿತಾವ, ಹುಳ ತೂತು ಕೊರಿತಾವ, ನಾವು ಟ್ರ್ಯಾಕ್ಟರ್ ತಗೊಂಡು ಹೋಗಿ ಹೂಳು ಹೊಲಕ್ಕ ಹೊಡಿತೀವಿ. ಅಂದ್ರ ಪುಸ್ತಕ ಅದ ಖರೆ, ಹಾಳಿ ಹರದಾವ, ಕೆಲವು ಹಾಳಿ ಹಿಂದ ಮುಂದ ಆಗ್ಯಾವ, ಕೆಲವು ಯಾರೋ ಒಯ್ದಾರ. ಸ್ವೀಡನ್‌ನ ಗೆರಾರ್ಡ್ ಡೆ ಗೇರ್ ಅನ್ನೋ ಭೂವಿಜ್ಞಾನಿ 1878ರಿಂದ ಹಿಮ ಕರಗಿದ ನೀರಿನ ಹಳೇ ಕೆರಿಗಳ ಗೆರಿ ಒಂದೊಂದೇ ಎಣಿಸ್ಲಾಕ ಶುರು ಮಾಡಿದ್ರು, ವರ್ಷಕ್ಕ ಒಂದು ಜೋಡಿ ಗೆರಿ, ಗಿಡದ ಉಂಗುರ ಎಣಿಸಿದಂಗ. ಜಪಾನಿನ ಸುಯಿಗೆತ್ಸು ಕೆರಿ ತಳದಾಗ ಇಂಥ ಗೆರಿ ಹತ್ತಾರು ಸಾವಿರ ವರ್ಷದವು ಸಿಕ್ಕಾವ. ಅಲ್ಲಿ ತಳದಾಗ ಆಕ್ಸಿಜನ್ ಇಲ್ಲ, ಹುಳ ಬದುಕಂಗಿಲ್ಲ, ಕಲಸೋರು ಯಾರೂ ಇಲ್ಲ. ನಮ್ಮ ಕೆರಿಯಾಗ ಗೆರಿ ಎಣಿಸಿ ಇದು ಇದೇ ವರ್ಷ ಅನ್ನೋದು ಆಗಂಗಿಲ್ರಿ, ಯಾರಾದ್ರೂ ಹಂಗ ಹೇಳಿದ್ರ ನಂಬಬ್ಯಾಡ್ರಿ.

ಇನ್ನೊಂದು ಮಾತು. ನಿಮ್ಮ ತಾಲೂಕಿನ ಬೋನಾಳ ಕೆರಿನೇ ತಗೊಳ್ರಿ, ಸುರಪುರ ನಾಯಕರ ಕಾಲದ್ದು. ಒಡ್ಡು ಕಟ್ಟಿದ ದಿನದಿಂದ ಹೂಳು ಕೂಡ್ಲಾಕ ಹತ್ತಿದ್ದು, ಅದಕ್ಕಿಂತ ಹಿಂದಿಂದು ಅಲ್ಲಿ ಬರೇ ಹಳ್ಳದ ತಳ. ದಖ್ಖನ್‌ದಾಗ ತಾನಾಗೇ ಆದ ಕೆರಿ ಭಾಳ ಅಪರೂಪ, ಇರೋವು ಹೆಚ್ಚಾಗಿ ಮನಷಾರು ಕಟ್ಟಿದ್ದು, ಹಂಗಾಗಿ ನಮ್ಮ ಪುಸ್ತಕ ಹೆಚ್ಚಾಗಿ ಕೆಲವು ನೂರು ವರ್ಷಕ್ಕೇ ಮುಗಿತದ.

ಪ್ರಶ್ನೆ: ಕೆರಿ ತಳದ ಮಣ್ಣನ್ನ ಕಲಸದಂಗ ಮ್ಯಾಲೆ ಹ್ಯಾಂಗ ತರ್ತಾರ್ರಿ ಸರ್? ನಾನು ಎಂ.ಎಸ್ಸಿ ಮಾಡ್ಲಾಕತ್ತೀನಿ, ಪ್ರಾಜೆಕ್ಟಿಗೆ ಪಿವಿಸಿ ಪೈಪ್ ಸಾಕಾಗ್ತದೇನು?
(ವಿದ್ಯಾರ್ಥಿನಿ, ಕಲಬುರಗಿ)

ಉತ್ತರ: ತಂಗಿ, ಸಾಕಾಗ್ತದ, ಆದ್ರ ನಾನು ಮಾಡಿದ ತಪ್ಪು ನೀ ಮಾಡಬ್ಯಾಡ. ಮೂರು ವರ್ಷದ ಹಿಂದ ನಾನೂ ನನ್ನ ಅಳಿಯನೂ ಆಳಂದ ಕಡಿ ಒಂದು ಸಣ್ಣ ಕೆರಿಗೆ ಹೋಗಿ, ಮೂರು ಇಂಚಿನ ಪೈಪ್ ತಗೊಂಡು, ಮೊಣಕಾಲುದ್ದ ನೀರಿನ್ಯಾಗ ನಿಂತು, ಸುತ್ತಿಗಿಲೆ ಬಡದು ಬಡದು ನಾಲ್ಕು ಫೂಟ್ ಇಳಿಸಿದ್ವಿ. ಖುಷಿ ಅಂದ್ರ ಖುಷಿ. ಎತ್ಲಾಕ ಹೋದ್ರ ಪೈಪ್ ಬರವಲ್ದು, ರಾಡಿ ಹಿಡಕೊಂಡು ಕೂತುಬಿಟ್ಟಿತ್ತು. ಹಗ್ಗ ಕಟ್ಟಿ, ಬಿದಿರಿನ ಗಳ ಹಾಕಿ ಮೀಟಿ ಮೀಟಿ ತೆಗದ್ರ ಒಳಗ ಏನಿತ್ತಂದ್ರ ತುದಿಗೆ ಒಂದು ಗೇಣು ಮಣ್ಣು, ಉಳದದ್ದೆಲ್ಲ ಖಾಲಿ. ದಂಡಿ ಮ್ಯಾಲೆ ಕುರಿ ಕಾಯ್ಲಾಕ ನಿಂತಿದ್ದ ಒಬ್ಬ ಅಜ್ಜ, ಏನ್ರಿ ಬೋರ್ ಹೊಡಿಲಾಕತ್ತೀರೇನು ಅಂತ ಕೇಳಿದ, ಉತ್ತರ ಏನಂತ ಕೊಡೋದು.

ತಪ್ಪು ಎಲ್ಲಿ ಆಗಿತ್ತಂದ್ರ, ಎತ್ತೋಕ್ಕಿಂತ ಮೊದ್ಲು ಪೈಪಿನ ಮ್ಯಾಲಿನ ಬಾಯಿ ಗಾಳಿ ಆಡದಂಗ ಮುಚ್ಚಬೇಕಿತ್ತು. ಎಳನೀರಿನ ಸ್ಟ್ರಾ ಮ್ಯಾಲೆ ಬಟ್ಟು ಒತ್ತಿ ಎತ್ತಿದ್ರ ನೀರು ಕೆಳಗ ಬೀಳಂಗಿಲ್ಲ ನೋಡು, ಅದೇ ಲೆಕ್ಕ. ದೊಡ್ಡ ತಂಡದವರು ಪಿಸ್ಟನ್ ಇರೋ ಕೊಳವಿ ಬಳಸ್ತಾರ, ನೀರಿನ ಮ್ಯಾಲೆ ತೆಪ್ಪ ಕಟ್ಟಿ ಅದರ ಮ್ಯಾಲಿಂದ ಇಳಿಸ್ತಾರ, ಒಂದೊಂದು ಮೀಟರ್ ತುಂಡು ಮಾಡಿ ಮ್ಯಾಲೆ ತರ್ತಾರ, ಒಂದು ತುಂಡಿನ ಜೋಡು ಸರಿಯಾಗಿ ಬಂದಿಲ್ಲಂದ್ರ ಅಂತ ಪಕ್ಕದಾಗೇ ಇನ್ನೊಂದು ತೂತು ಅರ್ಧ ಮೀಟರ್ ಹೆಚ್ಚು ಕಮ್ಮಿ ಮಾಡಿ ಇಳಿಸ್ತಾರ. ಆಮ್ಯಾಲೆ ಕೊಳವಿನ ಉದ್ದಕ್ಕ ಎರಡು ಹೋಳು ಮಾಡಿ, ಒಂದು ಹೋಳು ಫ್ರಿಜ್‌ನ್ಯಾಗ ಇಡೋದು, ಇನ್ನೊಂದರ ಮ್ಯಾಲೆ ಕೆಲಸ. ಪೈಪ್ ಮ್ಯಾಲೆ ಮಾರ್ಕರ್ ಪೆನ್ನಿಲೆ ಮ್ಯಾಲಿನ ತುದಿ ಯಾವುದು ಅಂತ ಬಾಣದ ಗುರುತು ಹಾಕೋದು ಮರಿಬ್ಯಾಡ, ನಗಬ್ಯಾಡ, ಎಷ್ಟೋ ಮಂದಿ ಮರತಾರ.

ರೊಕ್ಕ ಇಲ್ಲದ ಪ್ರಾಜೆಕ್ಟಿಗೆ ಎರಡು ಪರೀಕ್ಷಾ ಸಾಕು. ಒಂದು, ಒಣಗಿಸಿದ ಮಣ್ಣು ತೂಗಿ 550 ಡಿಗ್ರಿಗೆ ಸುಟ್ಟು ಮತ್ತ ತೂಗೋದು, ಕಮ್ಮಿ ಆದದ್ದು ಎಲಿ, ಪಾಚಿ, ಜೀವದ ಅಂಶ. 950 ಡಿಗ್ರಿಗೆ ಮತ್ತ ಸುಟ್ರ ಸುಣ್ಣದ ಕಲ್ಲಿನ ಅಂಶದಾಗಿನ ಕಾರ್ಬನ್ ಡೈಆಕ್ಸೈಡ್ ಹೋಗ್ತದ, ಆ ಕಮ್ಮಿಯಿಂದ ಸುಣ್ಣ ಎಷ್ಟಿತ್ತು ಅಂತ ಲೆಕ್ಕ. ಎರಡನೇದು ಅಯಸ್ಕಾಂತ. ನಿಮ್ಮ ಆಳಂದ, ಬೀದರ ಕಡಿ ಕರಿಕಲ್ಲಿನ್ಯಾಗ ಕಬ್ಬಿಣದ ಅಂಶದ ಕರಿ ಕಾಳು ಇರ್ತಾವ, ಮಳಿ ನಿಂತ ಮ್ಯಾಲೆ ರಸ್ತಾ ಬದಿ ಕೂಡಿದ ಕರಿ ಉಸುಕಿಗೆ ಪ್ಲಾಸ್ಟಿಕ್ ಸುತ್ತಿದ ಅಯಸ್ಕಾಂತ ಹಿಡಿ, ಮೀಸಿ ಬಂದಂಗ ಅಂಟಿಕೊಳ್ತಾವ. ಸುರಪುರ, ಯಾದಗಿರಿ ಕಡಿ ಗ್ರಾನೈಟ್ ಉಸುಕಿನ್ಯಾಗ ಅಷ್ಟು ಬರಂಗಿಲ್ಲ. ಕೆರಿ ಮಣ್ಣಿನ್ಯಾಗ ಯಾವ ಆಳಕ್ಕ ಈ ಕಾಳು ಒಮ್ಮೆಲೆ ಜಾಸ್ತಿ ಆದಾವೋ, ಆ ಕಾಲಕ್ಕ ಸುತ್ತಲಿನ ಹೊಲದ ಮಣ್ಣು ಜೋರಾಗಿ ಕೊಚ್ಚಿಕೊಂಡು ಬಂದದ ಅಂತ ಲೆಕ್ಕ.

ಪ್ರಶ್ನೆ: ಆಳ ಗೊತ್ತಾತು, ವರ್ಷ ಹ್ಯಾಂಗ ಗೊತ್ತಾಗ್ತದ? ನಮ್ಮೂರ ಕೆರಿ ಚಿಪ್ಪು ಕೊಟ್ರ ಕಾರ್ಬನ್ ಟೆಸ್ಟ್ ಮಾಡಿ ವರ್ಷ ಹೇಳ್ತಾರೇನ್ರಿ?
(ಓದುಗರು, ಸೇಡಂ)

ಉತ್ತರ: ಸೇಡಂದವರೇ ಈ ಪ್ರಶ್ನೆ ಕೇಳಿದ್ದು ಭಾಳ ಛಲೋ ಆತು, ಯಾಕಂದ್ರ ಚಿಪ್ಪು ಕೊಟ್ಟು ಮೋಸ ಹೋಗೋ ಜಾಗ ಅಂದ್ರ ನಿಮ್ಮ ಸೇಡಂ, ಚಿತ್ತಾಪುರ, ಶಹಾಬಾದನೇ.

ಜೀವ ಇರೋತನಕ ಗಿಡ, ಪ್ರಾಣಿ ಗಾಳಿಯಾಗಿನ ಕಾರ್ಬನ್ ತಗೊಳ್ತಾವ, ಅದರಾಗ ಒಂದು ಚೂರು ಕಾರ್ಬನ್ 14 ಇರ್ತದ. ಸತ್ತ ಮ್ಯಾಲೆ ಹೊಸದು ಬರಂಗಿಲ್ಲ, ಇದ್ದದ್ದು 5730 ವರ್ಷಕ್ಕ ಅರ್ಧ ಆಗ್ತದ. ಎಷ್ಟು ಉಳದದ ಅಂತ ನೋಡಿ ವಯಸ್ಸು ಹೇಳ್ತಾರ, ಐವತ್ತು ಸಾವಿರ ವರ್ಷದ ತನಕ ನಡಿತದ. ಇದನ್ನ ಕಂಡು ಹಿಡದ ವಿಲ್ಲರ್ಡ್ ಲಿಬ್ಬಿಗೆ 1960ರಾಗ ನೊಬೆಲ್ ಬಂತು. ಈಗ ನಿಮ್ಮ ಮನಿ ನೆಲ ನೋಡ್ರಿ, ಶಹಾಬಾದ ಫರಸಿ ಹಾಸಿರ್ತದ. ಅದು ಕೋಟ್ಯಂತರ ವರ್ಷದ ಹಿಂದ ಸಮುದ್ರದ ತಳದಾಗ ಪದರ ಪದರ ಕೂಡಿದ ಸುಣ್ಣದ ಕಲ್ಲು, ನಾವು ದಿನಾ ಹೆಜ್ಜಿ ಇಡೋದು ಹಳೇ ಹೂಳಿನ ಮ್ಯಾಲೇ. ಆ ಕಲ್ಲಿನ್ಯಾಗ ಕಾರ್ಬನ್ 14 ಒಂದು ಕಣಾನೂ ಉಳದಿಲ್ಲ. ಕಲ್ಲು ಕರಗಿದ ನೀರು ಕೆರಿಗೆ ಬರ್ತದ, ಶಂಖದ ಹುಳ ಆ ನೀರಿಂದನೇ ಚಿಪ್ಪು ಕಟ್ಟಿಕೊಳ್ತದ, ಅಂದ್ರ ಹೋದ ವರ್ಷ ಸತ್ತ ಹುಳಾನೂ ಟೆಸ್ಟಿನ್ಯಾಗ ನೂರಾರು, ಕೆಲವೊಮ್ಮೆ ಸಾವಿರ ವರ್ಷ ಮುದುಕ ಆಗಿ ಬರ್ತದ. ಅದಕ್ಕ ಜಾಣರು ಚಿಪ್ಪು ಬಿಟ್ಟು ದಂಡಿ ಮ್ಯಾಲಿನ ಗಿಡದ ಬೀಜ, ಎಲಿ, ಇದ್ದಲಿ ಚೂರು ಹುಡುಕ್ತಾರ.

ಕೆರಿ ನೂರು, ನೂರೈವತ್ತು ವರ್ಷದ್ದು ಇದ್ರ ಕಾರ್ಬನ್ ಬ್ಯಾಡ, ಸೀಸ 210 ಅನ್ನೋ ವಿಕಿರಣ ಸೂಸೋ ಸೀಸ ಅದ. ಗಾಳಿಯಾಗಿನ ರೇಡಾನ್ ಅನ್ನೋ ಅನಿಲದಿಂದ ಆಗಿ ಮಳಿ, ಧೂಳಿನ ಕೂಡ ಕೆರಿಗೆ ಬೀಳ್ತದ, ಸುಮಾರು 22 ವರ್ಷಕ್ಕ ಅರ್ಧ ಆಗ್ತದ. ಇನ್ನೊಂದು ಸೀಸಿಯಂ 137, ಇದು ಅಣುಬಾಂಬ್ ಪರೀಕ್ಷೆಗಳ ಬೂದಿ, 1963ರ ಸುಮಾರಿಗೆ ಎಲ್ಲಕ್ಕಿಂತ ಜಾಸ್ತಿ ಬಿತ್ತು. ಅಮೆರಿಕಾ, ರಷ್ಯಾ ಬಾಂಬ್ ಸಿಡಿಸಿದ್ದು ಯಾವುದೋ ಊರಾಗ, ಗುರುತು ಬಿದ್ದದ್ದು ಊರೂರ ಕೆರಿ ತಳಕ್ಕ. ನಮ್ಮಂಥ ಬಿಸಿಲು ನಾಡಿನ್ಯಾಗ ಉತ್ತರದ ದೇಶಗಳಷ್ಟು ಬಿದ್ದಿಲ್ಲ, ಹಂಗಾಗಿ ಗುರುತು ಸ್ವಲ್ಪ ಮಬ್ಬು.

ರೊಕ್ಕ ಇಲ್ಲದವರ ಗಡಿಯಾರ ಯಾವುದಂದ್ರ ಗಿಡದ ಪರಾಗ. ನೀಲಗಿರಿ ಪರಾಗ ಮೈಕ್ರೋಸ್ಕೋಪಿನ್ಯಾಗ ಮೂರು ಮೂಲಿ ಇದ್ದಂಗ ಕಾಣ್ತದ, ಗುರುತು ಹಿಡಿಯೋದು ಸಲೀಸು. ನಿಮ್ಮೂರಾಗ ನೀಲಗಿರಿ ಹಚ್ಚಿದ್ದು ಯಾವಾಗ ಅಂತ ಹಿರಿಯರಿಗೆ ಕೇಳ್ರಿ, ಅದು ಮೊದಲ ಸಲ ಕಾಣೋ ಪದರ ಅದಕ್ಕಿಂತ ಹಿಂದಿಂದು ಅಲ್ಲ. ಬಳ್ಳಾರಿ ಜಾಲಿ ಭಾರತಕ್ಕ ಬಂದದ್ದೇ 1877ರ ಸುಮಾರಿಗೆ, ಅದೂ ಒಂದು ಗಡಿ ಕಲ್ಲು ಇದ್ದಂಗ.

ಪ್ರಶ್ನೆ: ಬಹಮನಿ ಸುಲ್ತಾನರು ಕಲಬುರಗಿ ಬಿಟ್ಟು ಬೀದರಕ್ಕ ರಾಜಧಾನಿ ಒಯ್ದದ್ದು ದುರ್ಗಾದೇವಿ ಬರಕ್ಕ ಅಂತ ಒಬ್ಬರು ಭಾಷಣದಾಗ ಹೇಳಿದ್ರು. ಕೆರಿ ಮಣ್ಣಿನಿಂದ ಇದನ್ನ ಸಾಬೀತು ಮಾಡಬಹುದಾ?
(ನಿವೃತ್ತ ಮಾಸ್ತರ್ರು, ಬೀದರ)

ಉತ್ತರ: ಮಾಸ್ತರ್ರೇ, ಬರ ಬಂದಿತ್ತೋ ಇಲ್ಲೋ ಅನ್ನೋದು ಮಣ್ಣು ಹೇಳಬಹುದು, ಸುಲ್ತಾನನ ಮನಸ್ಸಿನ್ಯಾಗ ಏನಿತ್ತು ಅಂತ ಮಣ್ಣು ಹೇಳಂಗಿಲ್ರಿ.

ಗೊತ್ತಿದ್ದದ್ದು ಹೇಳ್ತೀನಿ. ನಮ್ಮ ಕಡಿಯಿಂದ ಉತ್ತರಕ್ಕ, ಮಹಾರಾಷ್ಟ್ರದ ಬುಲ್ಢಾಣಾ ಜಿಲ್ಲೆಯಾಗ ಲೋಣಾರ ಕೆರಿ ಅದ. ಉಲ್ಕೆ ಬಿದ್ದು ಕರಿಕಲ್ಲಿನ್ಯಾಗ ಆದ ಕುಣಿ, ಅಡ್ಡಗಲ ಸುಮಾರು 1.8 ಕಿಲೋಮೀಟರ್. 2020ರ ಜೂನ್‌ನ್ಯಾಗ ನೀರು ಗುಲಾಬಿ ಆಗಿ ಟಿವಿಯಾಗೆಲ್ಲ ಬಂತಲ್ಲ, ಅದೇ. ಅದಕ್ಕ ಒಳಗ ಬರೋ ದಾರಿ ಅದ, ಹೊರಗ ಹರಿಯೋ ದಾರಿ ಇಲ್ಲ, ಹಂಗಾಗಿ ಮಳಿ ಕಮ್ಮಿ ಆದ್ರ ನೀರು ಇಳದು ಉಪ್ಪು, ಸೋಡಾ ಗಟ್ಟಿ ಆಗ್ತದ. ಅಲ್ಲಿ ತಳದಿಂದ ಸುಮಾರು 10 ಮೀಟರ್ ಉದ್ದದ ಮಣ್ಣಿನ ಕಂಬ ತೆಗದು ನೋಡ್ಯಾರ, ಹನ್ನೊಂದು ಸಾವಿರ ವರ್ಷದ ಆಸುಪಾಸಿನ ಕಥಿ ಅದರಾಗದ. ಅದರಾಗ ಎರಡೇ ಕಡಿ ಗೇಲುಸೈಟ್ ಅನ್ನೋ ಸೋಡಾ ಸುಣ್ಣದ ಹರಳು ಸಿಕ್ಕಾವ, ನೀರು ಭಾಳ ಬತ್ತಿ ಗಟ್ಟಿ ಆದಾಗ ಮಾತ್ರ ಆಗೋವು ಇವು. ಒಂದು ಪಟ್ಟಿ ಸುಮಾರು 4600ರಿಂದ 3900 ವರ್ಷದ ಹಿಂದಿಂದು, ಇನ್ನೊಂದು ಸುಮಾರು 2000ದಿಂದ 600 ವರ್ಷದ ಹಿಂದಿಂದು. ಮೊದಲನೇ ಪಟ್ಟಿ ಮೇಘಾಲಯದ ಮಾವಮ್ಲುಹ್ ಗುಹೆಯ ಕಲ್ಲಿನ್ಯಾಗ ಕಂಡ 4200 ವರ್ಷ ಹಿಂದಿನ ಒಣ ಕಾಲಕ್ಕ ಹೊಂದಿಕಿ ಆಗ್ತದ, ಆ ಗುಹೆ ಇರೋ ರಾಜ್ಯದ ಹೆಸರಿನ ಮ್ಯಾಲೇ 2018ರಾಗ ಭೂಮಿ ಚರಿತ್ರೆಯ ಒಂದು ಯುಗಕ್ಕ ಮೇಘಾಲಯನ್ ಅಂತ ಹೆಸರಿಟ್ರು.

ಎರಡನೇ ಪಟ್ಟಿ ಕೊನಿ ತುದಿ ನಮ್ಮ ಬಹಮನಿ ಕಾಲ ಮುಟ್ತದ. ದುರ್ಗಾದೇವಿ ಬರ 1396ರ ಸುಮಾರಿಗೆ ಶುರು ಆಗಿ ಹನ್ನೆರಡು ವರ್ಷ ನಡೀತು ಅಂತ ಹಳೇ ಮಾತು. ಛತ್ತೀಸಗಢದ ದಂಡಕ ಗುಹೆಯ ಕಲ್ಲಿನ್ಯಾಗೂ 14ನೇ ಶತಮಾನಕ್ಕೂ 15ನೇ ಶತಮಾನದ ನಡುವಿಗೂ ಮಳಿ ಬಡವಾದದ್ದು ಕಾಣ್ತದ. ಅಂದ್ರ ಬರದ ಮಾತು ಸುಳ್ಳಲ್ಲ. ಆದ್ರ ಕೆರಿ ಮಣ್ಣಿನ ತಾರೀಖಿಗೆ ಐವತ್ತು, ನೂರು ವರ್ಷ ಹಿಂದ ಮುಂದ ಇದ್ದೇ ಇರ್ತದ, ರಾಜಧಾನಿ ಹೋದದ್ದು 1420ರ ದಶಕದಾಗ, ಇಪ್ಪತ್ತು ಮೂವತ್ತು ವರ್ಷದ ಫರಕನ್ನ ಅಷ್ಟು ದಪ್ಪ ಗಡಿಯಾರದಾಗ ನೋಡೋದು ಹ್ಯಾಂಗ?

ಇಂಥದ್ದೇ ಫಜೀತಿ ರಾಜಸ್ಥಾನದಾಗ ಆಗ್ಯದ. 1970ರ ದಶಕದಾಗ ಗುರದೀಪ್ ಸಿಂಗ್ ಅನ್ನೋ ವಿಜ್ಞಾನಿ ಸಾಂಭರ, ಡೀಡವಾಣಾ, ಲೂಣಕರಣಸರ ಉಪ್ಪಿನ ಕೆರಿಗಳ ಪರಾಗ ನೋಡಿ, ಮಳಿ ಕಮ್ಮಿ ಆದದ್ದಕ್ಕೂ ಹರಪ್ಪಾ ನಗರಗಳು ಇಳದದ್ದಕ್ಕೂ ಸಂಬಂಧ ಇರಬೇಕು ಅಂದ್ರು, ಅದು ಆ ಕಾಲಕ್ಕ ದೊಡ್ಡ ಕೆಲಸ. 1999ರಾಗ ಲೂಣಕರಣಸರದ ಮಣ್ಣನ್ನೇ ಇನ್ನಷ್ಟು ಬಿಗಿಯಾಗಿ ತಾರೀಖು ಹಚ್ಚಿ ನೋಡಿದ್ರ, ಆ ಕೆರಿ ಹರಪ್ಪಾ ನಗರಗಳು ಭರ್ಜರಿ ನಡಿಯೋಕ್ಕಿಂತ ಮೊದ್ಲೇ ಒಣಗಿತ್ತು ಅಂತ ಬಂತು. ಇವತ್ತಿಗೂ ವಾದ ಮುಗದಿಲ್ಲ. ಬೀದರದ ವಿಷಯಕ್ಕ ನನ್ನ ಅನಿಸಿಕಿ ಕೇಳಿದ್ರ, ಕೆಂಪು ಜಂಬಿಟ್ಟಿಗಿ ಕಲ್ಲಿನ ಆ ಎತ್ತರದ ಜಾಗಾ, ಕಲ್ಲು ನೀರು ಹೀರಿ ಇಟ್ಟುಕೊಳ್ಳೋದು, ಅದರ ಒಳಗ ಕೊರದ ನೌಬಾದಿನ ಸುರಂಗ ಬಾವಿ, ಇವನ್ನೆಲ್ಲ ನೋಡಿದ್ರ ನೀರಿನ ವಿಚಾರ ಆ ಕಾಲದವರಿಗೆ ಚಂದ ಗೊತ್ತಿತ್ತು ಅನ್ನಿಸ್ತದ. ಅಷ್ಟರ ಮ್ಯಾಲಿಂದ ಬರಕ್ಕೇ ಹೋದ್ರು ಅಂತ ಭಾಷಣ ಮಾಡೋ ಧೈರ್ಯ ನನಗಿಲ್ಲ.

ಪ್ರಶ್ನೆ: ಹಿಂದ ಯಾವ ಬೆಳಿ ಬೆಳಿತಿದ್ರು ಅಂತ ಕೆರಿ ಮಣ್ಣಿನಿಂದ ಗೊತ್ತಾಗ್ತದಾ? ನಮ್ಮ ತೊಗರಿ ಎಷ್ಟು ಹಳೇದು?
(ಓದುಗರು, ಚಿಂಚೋಳಿ)

ಉತ್ತರ: ತೊಗರಿ ಪರಾಗ ಜಿಗುಟು, ಗಾಳಿಗೆ ಹಾರಂಗಿಲ್ಲ, ಹೊಲದಾಗೇ ಉಳಿತದ, ಕೆರಿಗೆ ಬರೋದು ಭಾಳ ಕಮ್ಮಿ. ಜ್ವಾಳದ್ದು ಹಾರ್ತದ, ಆದ್ರ ಹುಲ್ಲಿನ ಪರಾಗಕ್ಕೂ ಅದಕ್ಕೂ ಫರಕು ಹುಡುಕೋದು ಲಖನೌದ ಬೀರಬಲ್ ಸಾಹನಿ ಸಂಸ್ಥೆಯಂಥ ಕಡಿ ವರ್ಷಗಟ್ಲೆ ಇದೇ ಕೆಲಸ ಮಾಡಿದವರಿಗೂ ಸಲೀಸಲ್ಲ, ಅಂದಾಜು ಸೈಜಿನ ಮ್ಯಾಲೆ ಹೇಳ್ತಾರ. ಆದ್ರ ಇನ್ನೊಂದು ಹಾದಿ ಅದ. ಜ್ವಾಳ, ಸಜ್ಜಿ ಬಿಸಿಲಿಗೆ ಹೊಂದೋ ರೀತಿಲೆ ಕಾರ್ಬನ್ ಹಿಡಿತಾವ, ತೊಗರಿ, ಕಡ್ಲಿ, ಬೇವು ಬ್ಯಾರೆ ರೀತಿಲೆ, ಹಂಗಾಗಿ ಭಾರ ಕಾರ್ಬನ್ 13ರ ಪಾಲು ಜ್ವಾಳದಾಗ ಜಾಸ್ತಿ, ತೊಗರಿಯಾಗ ಕಮ್ಮಿ. ಕೆರಿ ಮಣ್ಣಿನ್ಯಾಗ ಆ ಪಾಲು ಏರಿದ್ರ ಸುತ್ತ ಹುಲ್ಲು, ಜ್ವಾಳ ಜಾಸ್ತಿ, ಇಳದ್ರ ಗಿಡಗಂಟಿ ಜಾಸ್ತಿ. ಅದು ಹೊಲದ ಜ್ವಾಳನೋ ಬರೇ ಕಾಡು ಹುಲ್ಲೋ ಅಂತ ಮಾತ್ರ ಕೇಳಬ್ಯಾಡ್ರಿ.

ಪ್ರಶ್ನೆ: ಹಂಗಾದ್ರ ಹೂಳು ತೆಗಿಯೋದೇ ತಪ್ಪಲ್ಲೇನ್ರಿ? ಚರಿತ್ರೆ ಹಾಳಾಗ್ಲಾಕತ್ತದ.
(ಓದುಗರು, ಯಾದಗಿರಿ)

ಉತ್ತರ: ಇಲ್ರಿ, ತೆಗೀರಿ. ಕೆರಿಯಾಗ ನೀರು ನಿಂದರಬೇಕು, ಹೊಲಕ್ಕ ಗೋಡು ಬೇಕು, ಅದು ಮೊದಲು. ತೆಗಿಯೋ ದಿನ ಗ್ವಾಡಿ ಹಸಿ ಇದ್ದಾಗೇ ಒಂದು ಸ್ಕೇಲ್ ಇಟ್ಟು ಮೊಬೈಲ್‌ನ್ಯಾಗ ಫೋಟೋ ಹೊಡಕೊಳ್ರಿ, ಒಣಗಿದ ಮ್ಯಾಲೆ ಗೆರಿ ಕಾಣಂಗಿಲ್ಲ. ಸಾಧ್ಯ ಆದ್ರ ಒಡ್ಡಿನಿಂದ ದೂರ, ಆಳ ಇದ್ದ ಕಡಿ ಒಂದು ಮಂಚದಷ್ಟು ಜಾಗಾ ಹಂಗೇ ಬಿಡಸ್ರಿ.

ಇನ್ನ ಮಣ್ಣು ಕಳಿಸಿದವರ ಸುದ್ದಿ. ಹುಮನಾಬಾದ ಕಡಿಯವರು ಒಬ್ಬರು ಎರಡು ಕಿಲೋ ಕೆರಿ ಮಣ್ಣು ಅಕ್ಕಿ ಚೀಲದಾಗ ಕಟ್ಟಿ, ವರ್ಷ ಹೇಳ್ರಿ ಅಂತ ಚೀಟಿ ಇಟ್ಟು ಕಳಿಸ್ಯಾರ. ಅಂಚಿಯವ ತಲಿ ಮ್ಯಾಲಿಂದ ಇಳಿಸಿ ನನ್ನ ಮಾರಿ ನೋಡಿದ್ದು ನೋಡಬೇಕಿತ್ತು. ದೊರಿ, ಎಷ್ಟು ಆಳದ್ದು ಅಂತ ನೀವು ಬರದಿಲ್ಲ, ಮ್ಯಾಲಿಂದು ಯಾವುದು ಕೆಳಗಿಂದು ಯಾವುದು ಗೊತ್ತಿಲ್ಲ, ದಾರಿಯಾಗ ಎಲ್ಲ ಕೂಡಿ ಮಜ್ಜಿಗಿ ಆಗ್ಯದ, ಅದರಾಗ ನಾಲ್ಕು ಅಕ್ಕಿ ಕಾಳೂ ಸಿಕ್ಕಾವ. ನಮ್ಮ ಮನಿ ತುಳಸಿ ಕುಂಡಿಗೆ ಹಾಕೀನಿ, ಗಿಡ ಚಿಗತದ.